ಮಲ್ಪೆಯ ದ್ವೀಪದಲ್ಲಿ ಒಂದು ಹಗಲು

ಜಗತ್ತಿಗೆ ರಜೆ ಬಂದಾಗ ಯಾರಿಗೆ ಕೆಲಸ ಇಮ್ಮಡಿಯಾಗುವುದೋ ಅಂಥವರ ಪಂಕ್ತಿಯಲ್ಲಿ ನಮ್ಮ ಹೋಟೆಲ್ ಬಂಧುಗಳೇ ಮೊದಲಿಗರು. ಡಿಸೆಂಬರ್ ತಿಂಗಳು ಕಾಲಿಟ್ಟೊಡನೆ ನಾಸಿಕದ ಪಂಚವಟಿಗೂ ತ್ರ್ಯಂಬಕೇಶ್ವರಕ್ಕೂ ಯಾತ್ರಿಕರು ಬರತೊಡಗುತ್ತಾರೆ. ಎಲ್ಲೋರ, ಅಜಂತೆಗಳನ್ನು ನೋಡುವವರು ಛತ್ರಪತಿ ಸಂಭಾಜಿನಗರದಲ್ಲಿ ತಂಗುತ್ತಾರೆ. ಶಿರಡಿಗೆ ಹೋಗಿಬರುವವರ ಗುಂಪು ಎರಡೂ ಊರುಗಳಿಗೆ ಸಮಪಾಲಾಗಿ ಹಂಚಿಕೆಯಾಗುತ್ತದೆ. ಬೆಳಗಿನ ಐದು ಗಂಟೆಗೆ ಹೊತ್ತಿದ ಒಲೆ ರಾತ್ರಿ ಹನ್ನೊಂದಕ್ಕೆ ಮೊದಲು ಆರುವಂತಿಲ್ಲ. ಇಂಥ ದಿನಗಳಲ್ಲಿ ಗಿರಾಕಿಗಳ ಬಾಯಿಂದ ಅಂಡಮಾನ್, ಮಾಲ್ದೀವ್, ಬಾಲಿ ಮುಂತಾದ ಹೆಸರುಗಳು ಉದುರುವುದನ್ನು ಇಡ್ಲಿಯ ತಟ್ಟೆ ಇಡುತ್ತಿರುವ ಮಾಣಿಯೂ ಕೇಳುತ್ತಾನೆ. ಚಳಿಗಾಲದಲ್ಲಿ ಬೆಚ್ಚಗಿನ ದ್ವೀಪವೊಂದಕ್ಕೆ ಸಂಸಾರಸಮೇತ ಹೋಗಿಬರುವುದು ಈಗಿನ ಅನುಕೂಲಸ್ಥರ ಪದ್ಧತಿಯಾಗಿದೆ.

ಆದರೆ ಆ ಮಾತನ್ನು ಕೇಳುತ್ತ ನಿಂತ ಮಾಣಿಯ ಸ್ವಂತ ಊರಿನೆದುರಿಗೇ ಅಂಥ ದ್ವೀಪವೊಂದಿರುವುದು ಅವನಿಗೆ ನೆನಪಾಗುವುದೋ ಇಲ್ಲವೋ! ಉಡುಪಿ, ಬ್ರಹ್ಮಾವರ, ಬಾರಕೂರು, ಕುಂದಾಪುರದ ಕಡೆಯಿಂದ ಮಹಾರಾಷ್ಟ್ರಕ್ಕೆ ಬಂದ ಸಾವಿರಾರು ಜನರು ಮಲ್ಪೆಯ ಕಡಲನ್ನು ಬಲ್ಲರು. ಅಲ್ಲಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ತಲೆಯೆತ್ತಿರುವ ಸೈಂಟ್ ಮೇರೀಸ್ ದ್ವೀಪಸಮೂಹಕ್ಕೆ, ಹಿರಿಯರ ಬಾಯಲ್ಲಿ ತೋನ್ಸೆಪಾರಿಗೆ, ಕಾಲಿಟ್ಟವರು ಅವರಲ್ಲಿ ಎಷ್ಟು ಮಂದಿ? ಬಾಲ್ಯದಲ್ಲಿ ದೋಣಿಗೆ ಕಾಸಿರಲಿಲ್ಲ. ಕಾಸು ಬಂದಮೇಲೆ ರಜೆಯಿಲ್ಲ.

ನಾಸಿಕ್ ರೋಡಿನ ಉಪಾಹಾರಗೃಹವೊಂದರಲ್ಲಿ ಗಲ್ಲೆಯ ಮೇಲೆ ಕುಳಿತುಕೊಳ್ಳುವ ನನ್ನ ಮಿತ್ರರೊಬ್ಬರ ಸಂಗತಿಯೂ ಹೀಗೆಯೇ ಇದ್ದಿತು. ಹದಿಮೂರನೆಯ ವಯಸ್ಸಿನಲ್ಲಿ ಲೋಟ ತೊಳೆಯಲು ಬಂದವರು. ಈಗ ಇಪ್ಪತ್ತಾರು ವರ್ಷಗಳಾದುವು. ವರ್ಷಕ್ಕೊಮ್ಮೆ ಊರಿಗೆ ಹೋದರೂ ಅದು ರಜೆಯಲ್ಲ, ಕರ್ತವ್ಯಗಳ ಮೆರವಣಿಗೆ. ನಾಗನಿಗೆ ತನು, ಮನೆಯ ದೈವಕ್ಕೆ ಕೋಲ, ಒಂದು ಮದುವೆ, ಒಂದು ಗೃಹಪ್ರವೇಶ, ಜಾಗದ ತಕರಾರಿಗೆ ತಾಲೂಕು ಕಛೇರಿ; ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯವಿದ್ದರೆ ಉಡುಪಿಯಲ್ಲಿ ಎರಡು ದಿನ. ಮಕ್ಕಳು ಯಾವುದೋ ಅಡ್ಡೆಯ ಮೇಲೆ ನಿದ್ದೆಹೋಗುತ್ತಿದ್ದರು, ರಜೆ ಮುಗಿಯುತ್ತಿತ್ತು. ಕಳೆದ ಡಿಸೆಂಬರಿನಲ್ಲಿ ಅವರ ಮನೆಯಾಕೆ ಹಟ ಹಿಡಿದರಂತೆ: ಆರು ದಿನಗಳಲ್ಲಿ ಒಂದು ದಿನ ಮಕ್ಕಳದು, ಅದರಲ್ಲಿ ದೈವಕ್ಕೂ ದಾಯಾದಿಗಳಿಗೂ ಪಾಲಿಲ್ಲ ಎಂದು.

ಅದೇ ವಾರ ನನಗೂ ಉಡುಪಿಯಲ್ಲಿ ಕೆಲಸವಿದ್ದುದರಿಂದ ಜೊತೆಯಾಯಿತು. ನಾನು ಸಂಭಾಜಿನಗರದಿಂದ ಮನ್ಮಾಡಿಗೆ ಬಂದು ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಹತ್ತಿದೆ. ಅವರು ನಾಸಿಕ್ ರೋಡಿನಲ್ಲಿ ಹತ್ತಿದರು. ಮಕ್ಕಳು ಸ್ವೆಟರು, ಕಿವಿಟೋಪಿಗಳಲ್ಲಿ ಮುದುಡಿದ್ದರು. ನಿಫಾಡದ ದ್ರಾಕ್ಷಿತೋಟಗಳಲ್ಲಿ ಪಾದರಸ 5 ಡಿಗ್ರಿಗಿಂತಲೂ ಕೆಳಗಿಳಿದ ಚಳಿಗಾಲಗಳುಂಟು. ಬಳ್ಳಿಗಳು ಕೊರಗದಂತೆ ರೈತರು ಸಾಲುಗಳ ನಡುವೆ ಬೆಂಕಿ ಹಾಕುತ್ತಾರೆ. ಭೂಗೋಳದ ಲೆಕ್ಕದಲ್ಲಿ ನಾಸಿಕವೂ ಮಲ್ಪೆಯೂ ಕರ್ಕಾಟಕ ವೃತ್ತದ ದಕ್ಷಿಣಕ್ಕೇ ಇರುವುದರಿಂದ ಎರಡೂ ಉಷ್ಣವಲಯದ ಊರುಗಳೇ. ಆದರೂ ಒಂದು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದ ಒಳನಾಡು, ಇನ್ನೊಂದು ಕಡಲ ಮಡಿಲು. ರತ್ನಾಗಿರಿ ದಾಟುವಷ್ಟರಲ್ಲಿ ಕಿವಿಟೋಪಿ ಚೀಲ ಸೇರಿತು. ಕಾರವಾರದಲ್ಲಿ ಸ್ವೆಟರೂ ಸೇರಿತು.

ಈ ರೈಲುದಾರಿಯನ್ನು ಕುರಿತು ಒಂದು ಮಾತು ಹೇಳದಿದ್ದರೆ ಕೃತಘ್ನತೆಯಾದೀತು. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದ ಮೇಲೆಯೇ ಕರಾವಳಿಯ ಹೋಟೆಲ್ ಕೆಲಸಗಾರನಿಗೆ ನಾಲ್ಕೈದು ದಿನಗಳ ರಜೆಯಲ್ಲಿಯೂ ಊರಿಗೆ ಹೋಗಿಬರುವುದು ಸಾಧ್ಯವಾದದ್ದು. ಅದಕ್ಕೆ ಮೊದಲು ಘಾಟಿಯ ಬಸ್ಸುಗಳಲ್ಲಿ ಮೈಕೈ ನುಗ್ಗಾಗಿಸಿಕೊಂಡವರನ್ನು ಕೇಳಬೇಕು.

ಊರಿನಲ್ಲಿ ನಿರೀಕ್ಷಿಸಿದಂತೆಯೇ ಆಕ್ಷೇಪ ಬಂತು. ಮಿತ್ರರ ತಾಯಿ ಜಗಲಿಯಲ್ಲಿ ಕುಳಿತು, “ಕಲ್ ಕಾಂಬುಕೆ ಸಮುದ್ರಕ್ಕ್ ಹೋಯ್ಕಾ ಮಗಾ? ಅತ್ತೆ ಮನೆಗ್ ಯಾರ್ ಹೋಪುದ್?” ಎಂದು ಕೇಳಿದರು. ಮಗ ತಲೆ ಕೆರೆದುಕೊಂಡರು. ಸೊಸೆ ಮಾತ್ರ, “ಅತ್ತೆಯಮ್ಮ, ನೀವೂ ಬನ್ನಿ” ಎಂದುಬಿಟ್ಟರು. ಎಪ್ಪತ್ತೆರಡರ ಆ ಹಿರಿಯರು ನಮ್ಮೊಡನೆ ಹೊರಟೇಬಿಟ್ಟರು! ಅವರೂ ಆ ತನಕ ದ್ವೀಪವನ್ನು ದಡದಿಂದಲ್ಲದೆ ನೋಡಿದವರಲ್ಲ.

ಮಲ್ಪೆಯ ದಕ್ಕೆಯಿಂದ ದೋಣಿಯಲ್ಲಿ ಅರ್ಧಗಂಟೆಯೊಳಗಿನ ಪಯಣ. ಮಧ್ವಾಚಾರ್ಯರು ಬಿರುಗಾಳಿಗೆ ಸಿಕ್ಕಿದ ಹಡಗನ್ನು ದಡ ಸೇರಿಸಿ ಕೃಷ್ಣನನ್ನು ಪಡೆದರೆಂಬ ಕಥೆ ಇದೇ ಕಡಲಿನದು; ಅಜ್ಜಿ ಅದನ್ನು ಮೊಮ್ಮಗನಿಗೆ ಹೇಳಿ ಮುಗಿಸುವಷ್ಟರಲ್ಲಿ ತೆಂಗಿನ ಮರಗಳ ಸಾಲು ಕಾಣಿಸಿತು. ನಾಲ್ಕು ಮುಖ್ಯ ದ್ವೀಪಗಳಲ್ಲಿ ಪ್ರವಾಸಿಗಳು ಇಳಿಯುವುದು ತೆಂಗಿನ ದ್ವೀಪದಲ್ಲಿ. ಉದ್ದ ಸುಮಾರು 500 ಮೀಟರ್, ಅಗಲ 100 ಮೀಟರ್, ಅಷ್ಟೆ. ಮನೆಯಿಲ್ಲ, ವಸತಿಯಿಲ್ಲ, ಸಂಜೆಗೆ ಎಲ್ಲರೂ ಹಿಂದಿರುಗಲೇಬೇಕು. ದಡದಲ್ಲಿ ಮರಳಿಗಿಂತ ಚಿಪ್ಪಿನ ಚೂರುಗಳೇ ಹೆಚ್ಚು. ಬರಿಗಾಲಿನಲ್ಲಿ ನಡೆದರೆ ಚುಚ್ಚುತ್ತದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಶಿಲುಬೆ ನೆಟ್ಟು ಮೇರಿಮಾತೆಯ ಹೆಸರನ್ನಿಟ್ಟನೆಂಬ ಪ್ರತೀತಿಯುಂಟು.

ನೋಡತಕ್ಕದ್ದು ಅಲ್ಲಿಯ ಕಲ್ಲು. ಬಡಗಿ ಅಳತೆಯಿಟ್ಟು ಕೆತ್ತಿ ನಿಲ್ಲಿಸಿದನೋ ಎಂಬಂತೆ ಐದು, ಆರು, ಏಳು ಮೂಲೆಗಳ ಕಂಬಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ. ಕೆಲವು ಆರು ಮೀಟರಿನಷ್ಟು ಎತ್ತರ. ಎಂಟನೆಯ ತರಗತಿಯಲ್ಲಿರುವ ಮಗಳು ಅವನ್ನು ಸವರಿ ನೋಡಿ, “ಅಪ್ಪಯ್ಯ, ಇದು ನಮ್ಮ ಲೇಣಿಯ ಕಲ್ಲಿನ ಹಾಗೆಯೇ ಇದೆಯಲ್ಲ!” ಎಂದಳು. ನಾಸಿಕದ ಮಕ್ಕಳು ಗುಹೆಗೆ ಲೇಣಿಯೆಂದೇ ಹೇಳುವುದು. ಪಾಂಡವಲೇಣಿಯನ್ನು ಅವಳು ಮನೆಯ ಹಿತ್ತಲಿನಂತೆ ಬಲ್ಲಳು. ಶಾಲೆಯಿಂದ ಎಲ್ಲೋರಕ್ಕೂ ಬಂದಿದ್ದಳು. ತಂದೆ ನನ್ನ ಮುಖ ನೋಡಿದರು. ಗುಮಾಸ್ತನಾದವನು ಎಲ್ಲವನ್ನೂ ಬಲ್ಲನೆಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಉಳಿದಿದೆ.

ಹುಡುಗಿಯ ಊಹೆ ಬಹುಮಟ್ಟಿಗೆ ಸರಿಯಾಗಿತ್ತು. ಎರಡೂ ಬೆಂಕಿಯಿಂದ ಹುಟ್ಟಿದ ಕಲ್ಲುಗಳೇ, ಆದರೆ ಒಡಹುಟ್ಟಿದವಲ್ಲ. ನಾಸಿಕ, ಸಂಭಾಜಿನಗರಗಳ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಪದರಪದರವಾಗಿ ಹರಿದ ಲಾವಾರಸ. ದಖ್ಖನಿನ ಪ್ರಸ್ಥಭೂಮಿ ಅದರಿಂದಲೇ ಆದದ್ದು. ಮಲ್ಪೆಯ ದ್ವೀಪಗಳ ಕಲ್ಲು ಬೇರೊಂದು ಜಾತಿಯ ಲಾವಾ. ಅದಕ್ಕೆ ಸುಮಾರು 8.8 ಕೋಟಿ ವರ್ಷ. ಆ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಎರಡು ನೆಲಗಳೂ ಬೇರ್ಪಡುತ್ತಿದ್ದಾಗ ಉಕ್ಕಿದ ರಸ ಇಲ್ಲಿ ಹೆಪ್ಪುಗಟ್ಟಿತು. ಬೇಸಗೆಯಲ್ಲಿ ಕೆರೆಯ ಕೆಸರು ಒಣಗಿ ಕುಗ್ಗುವಾಗ ಮೂಲೆಮೂಲೆಯಾಗಿ ಬಿರಿಯುವುದಷ್ಟೆ. ಲಾವಾರಸವೂ ತಣಿದು ಕುಗ್ಗುವಾಗ ಹಾಗೆಯೇ ಬಿರಿಯುತ್ತದೆ, ಮತ್ತು ಆ ಬಿರುಕು ಒಳಗೊಳಗೆ ಇಳಿಯುತ್ತ ಹೋದಂತೆ ಕಂಬಗಳಾಗುತ್ತವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ಮುಂಬಯಿಯ ಅಂಧೇರಿಯಲ್ಲಿ ಗಿಲ್ಬರ್ಟ್ ಹಿಲ್ ನೋಡಿದವರಿಗೆ ಇಂಥ ಕಂಬಗಳು ಹೊಸದಲ್ಲ. ಅದು ದಖ್ಖನಿನ ಕಲ್ಲು.

“ಹಾಗಾದರೆ ಊರಿನ ಕಲ್ಲೇ ಹಿರಿಯದು” ಎಂದು ಅಜ್ಜಿ ತೃಪ್ತಿಪಟ್ಟರು. ಅವರಿಗೆ ಬೇಕಾದದ್ದು ಅಷ್ಟೇ.

ನಾನು ಹುಡುಗಿಗೆ ಇನ್ನೊಂದು ವಿಷಯವನ್ನೂ ಹೇಳಿದೆ. ಎಲ್ಲೋರದ ಕೈಲಾಸ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಆ ಕರಿಕಲ್ಲಿನಿಂದ, ಮೇಲಿನಿಂದ ಕೆಳಕ್ಕೆ ಕೊರೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಅವನ ವಂಶದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಹೇಳುತ್ತದೆ. ಗೋದಾವರಿಯ ದಡದಲ್ಲಿ ಮರಾಠಿ ಶಾಲೆಗೆ ಹೋಗುವ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಾವು ಹೊರಗಿನವರಲ್ಲವೇ?” ಎಂದಳು. ತರಗತಿಯಲ್ಲಿ ಯಾರೋ ಏನೋ ಅಂದಿರಬೇಕು. ಸಾವಿರ ವರ್ಷಗಳ ಹಿಂದಿನ ಗಡಿ ಇಂದಿನ ಜಗಳಕ್ಕೆ ದಾಖಲೆಯಲ್ಲ, ನಿನ್ನ ಊರು ನಾಸಿಕ, ಆ ಊರಿನ ಭಾಷೆಯನ್ನೂ ಚೆನ್ನಾಗಿ ಕಲಿ ಎಂದೆ.

ಇತ್ತ ಮಿತ್ರರ ಅವಸ್ಥೆಯನ್ನು ನೋಡಬೇಕಿತ್ತು. ದೋಣಿಯಲ್ಲಿ ಜನರನ್ನು ಪಂಕ್ತಿಗೆ ಎಣಿಸುವಂತೆ ಎಣಿಸಿದ್ದರು. ದ್ವೀಪದಲ್ಲಿ ಕುಳಿತಲ್ಲಿ ಕೂರಲಾರರು. ಕೈಗಡಿಯಾರ ನೋಡುವರು, “ಈಗ ಊಟದ ಹೊತ್ತು, ಗಲ್ಲೆಯಲ್ಲಿ ಯಾರಿದ್ದಾರೋ” ಎನ್ನುವರು. ಮಗ ಚಿಪ್ಪುಗಳನ್ನು ತಂದು ಅವರ ಪಂಚೆಯ ಮಡಿಲಿಗೆ ಸುರಿಯತೊಡಗಿದ ಮೇಲೆ ಏಳಲು ಆಗಲಿಲ್ಲ. ಬಹಳ ಹೊತ್ತಿನ ಅನಂತರ ಮೆಲ್ಲನೆ, “ರಾಯರೇ, ನಾನು ಹೊರಡುವಾಗ ಇವರು ಮಲಗಿರುತ್ತಾರೆ, ಬರುವಾಗಲೂ ಮಲಗಿರುತ್ತಾರೆ. ಇವನಿಗೆ ಎಡಗೈ ವಾಟ ಎಂದು ನನಗೆ ಇವತ್ತು ತಿಳಿಯಿತು” ಎಂದರು. ಹುಡುಗನಿಗೆ ಹತ್ತು ವರ್ಷ.

ಇಲ್ಲಿ ಧಣಿಗಳಾದವರೂ ಈ ಅಂಕಣವನ್ನು ಓದುವರೆಂದು ನಂಬಿ ಒಂದು ವಿಷಯವನ್ನು ಹೇಳುತ್ತೇನೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ವಾರಕ್ಕೊಂದು ದಿನದ ಬಿಡುವನ್ನೂ, ವರ್ಷಕ್ಕೆ 8 ದಿನಗಳ ಸಂಬಳಸಹಿತ ಸಾಂದರ್ಭಿಕ ರಜೆಯನ್ನೂ, 8 ಹಬ್ಬದ ರಜೆಗಳನ್ನೂ ವಿಧಿಸಿದೆ. ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನಗಳ ಕೆಲಸಕ್ಕೆ ಒಂದು ದಿನದಂತೆ ಗಳಿಕೆಯ ರಜೆ. ಅದನ್ನು 45 ದಿನಗಳವರೆಗೆ ಕೂಡಿಡಬಹುದು. ಕಾನೂನು ಹೇಳಿದಷ್ಟು ಕೆಲಸಗಾರರಿರುವ ಸಂಸ್ಥೆಗಳಿಗೆ ಮಾತ್ರ ಇದು ಅನ್ವಯಿಸುವುದರಿಂದ ಗಲ್ಲಿಯ ಸಣ್ಣ ಹೋಟೆಲುಗಳು ಹೊರಗುಳಿಯುತ್ತವೆ. ಅನ್ವಯಿಸುವಲ್ಲಿಯೂ ಕೇಳಿ ಪಡೆಯುವವರು ವಿರಳ. ಕಛೇರಿಯ ಗುಮಾಸ್ತರಾದ ನಾವು ರಜೆಯ ಅರ್ಜಿ ಬರೆಯುವುದರಲ್ಲಿ ನುರಿತವರು. ನೆರೆಯ ಹೋಟೆಲ್ ಬಂಧುವಿಗೆ ಒಂದು ಅರ್ಜಿ ಬರೆದುಕೊಡುವುದು ನಮಗೆ ಹೊರೆಯಾಗಲಾರದು.

ಹೋಗಬೇಕೆನ್ನುವವರಿಗೆ ಕೆಲವು ಸೂಚನೆಗಳು. ರೈಲಿನ ಮುಂಗಡ ಕಾಯ್ದಿರಿಸುವಿಕೆ ಹಿಂದೆ 120 ದಿನ ಮೊದಲೇ ತೆರೆಯುತ್ತಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಆದುದರಿಂದ ಕ್ರಿಸ್‌ಮಸ್ ರಜೆಗೆ ಹೊರಡುವವರು ಅಕ್ಟೋಬರಿನ ಕೊನೆಯ ವಾರದಲ್ಲಿಯೇ ಎಚ್ಚರವಾಗಿರಬೇಕು. ಮಳೆಗಾಲದಲ್ಲಿ ದೋಣಿಗಳು ಓಡುವುದಿಲ್ಲ. ಹಾಗಾಗಿ ಹೋಟೆಲಿನಲ್ಲಿ ಗಿರಾಕಿ ಕಡಿಮೆಯೆಂದು ಆಷಾಢದಲ್ಲಿ ಕೊಡುವ ರಜೆ ಇದಕ್ಕೆ ಒದಗದು. ಬಂಡೆಗಳ ಮೇಲೆ ಪಾಚಿ ಜಾರುತ್ತದೆ, ತೆರೆ ಎಲ್ಲಿಂದ ಬರುವುದೆಂದು ಹೇಳಲಾಗದು. 2022ರ ಏಪ್ರಿಲಿನಲ್ಲಿ ಕೇರಳದಿಂದ ಬಂದ ಮೂವರು ಕಾಲೇಜು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಕಾವಲಿನವರು ಬೇಡವೆಂದ ಕಡೆ ಮಕ್ಕಳನ್ನು ಬಿಡಕೂಡದು. ನೆರಳು ಕಡಿಮೆ, ಬೆಳಗಿನ ಮೊದಲ ದೋಣಿಗಳಲ್ಲಿ ಹೋದರೆ ಹಿರಿಯರಿಗೆ ಬಿಸಿಲಿನ ತಾಪ ತಪ್ಪುತ್ತದೆ.