ಗುಳ್ಳೆ ಹೋಯ್ತು, ಉರಿ ಯಾಕೆ ಹೋಗಲಿಲ್ಲ?

ಮೊದಲೇ ಒಂದು ತಪ್ಪೊಪ್ಪಿಗೆ. ಈ ವರ್ಷ ಮಾರ್ಚ್‌ನಲ್ಲಿ ನಮ್ಮಜ್ಜಿ ಮೂರು ವಾರ ಸರಿಯಾಗಿ ನಿದ್ದೆ ಇಲ್ಲದೆ ಒದ್ದಾಡಿದರು. ಅದಕ್ಕೆ ಕಾರಣ ನಾನು. ನಾನು ಮತ್ತು ನನ್ನ ಫೋನು.

ಅಜ್ಜಿಗೆ ಎಪ್ಪತ್ತೊಂದು ವರ್ಷ. ಇರೋದು ತಿಪಟೂರು ಹತ್ತಿರದ ಹಳ್ಳಿಯಲ್ಲಿ. ಕಳೆದ ದೀಪಾವಳಿ ಮುಗಿದ ಸ್ವಲ್ಪ ದಿನಕ್ಕೆ ಅವರ ಬಲಗಡೆ ಪಕ್ಕೆಯಲ್ಲಿ, ಬೆನ್ನಿನಿಂದ ಹೊಟ್ಟೆ ಕಡೆಗೆ ಬೆಲ್ಟ್ ಕಟ್ಟಿದ ಹಾಗೆ ಕೆಂಪು ಗುಳ್ಳೆಗಳು ಎದ್ದವು. ಸರ್ಪಸುತ್ತು. ಊರಿನಲ್ಲಿ ಕೆಮ್ಮಣ್ಣು ಹಚ್ಚುವವರೊಬ್ಬರು ಬಂದು ಹಚ್ಚಿ ಹೋದರು. "ಸುತ್ತು ಪೂರ್ತಿ ಕೂಡಿಕೊಂಡ್ರೆ ಕಷ್ಟ" ಅಂತ ಎಲ್ಲರಿಗೂ ಭಯ. ಸುತ್ತು ಕೂಡಲಿಲ್ಲ. ತಿಂಗಳೊಳಗೆ ಗುಳ್ಳೆ ಒಣಗಿ, ಹಕ್ಕಳೆ ಉದುರಿ, ಬರೀ ಕಲೆ ಉಳಿಯಿತು.

ನೋವು ಮಾತ್ರ ಹೋಗಲಿಲ್ಲ. ಸಂಕ್ರಾಂತಿಗೆ ಊರಿಗೆ ಹೋದಾಗ ನೋಡ್ತೀನಿ, ಅಜ್ಜಿ ರವಿಕೆ ಪಕ್ಕೆಗೆ ತಾಗದ ಹಾಗೆ ಕೈಯಲ್ಲಿ ಎಳೆದು ಹಿಡಿದುಕೊಂಡು ಕೂತಿದ್ದಾರೆ. ಬಲಗಡೆ ಮಗ್ಗುಲಾಗಿ ಮಲಗೋಕೆ ಆಗಲ್ಲ. ಫ್ಯಾನ್ ಗಾಳಿ ಬಡಿದರೂ ಉರಿ. ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ನಾರ್ಮಲ್. "ಗಾಯ ವಾಸಿಯಾಗಿದೆಯಲ್ಲ, ಇನ್ನೆಲ್ಲಿ ನೋವು?" ಅಂತ ಮನೆಯಲ್ಲಿ ಒಬ್ಬೊಬ್ಬರೇ ಕೇಳೋಕೆ ಶುರು ಮಾಡಿದರು. ವಯಸ್ಸಾದವರು, ಯಾರೂ ಮಾತಾಡಿಸಲ್ಲ ಅಂತ ಹೀಗೆ ಹೇಳ್ತಿರಬಹುದು ಅನ್ನೋ ಅರ್ಥದ ಮಾತೂ ಬಂತು. ನಾನೂ ಸ್ವಲ್ಪ ಹಾಗೇ ಅಂದುಕೊಂಡಿದ್ದೆ.

ಕೊನೆಗೆ ತುಮಕೂರಿನಲ್ಲಿ ಒಬ್ಬರು ಡಾಕ್ಟರ್ ಹತ್ತು ನಿಮಿಷ ಕೂತು ಅಜ್ಜಿಯ ಮಾತು ಕೇಳಿ, ಹತ್ತಿಯ ಎಳೆಯಿಂದ ಪಕ್ಕೆ ಸವರಿ ನೋಡಿ, ರಾತ್ರಿ ತಗೊಳೋಕೆ ಒಂದು ಚಿಕ್ಕ ಮಾತ್ರೆ ಬರೆದುಕೊಟ್ಟರು. ಅಮಿಟ್ರಿಪ್ಟಿಲಿನ್. ಮನೆಗೆ ಬಂದು ಹತ್ತು ದಿನವಾದರೂ ಅಜ್ಜಿಗೆ ಬಾಯಿ ಒಣಗೋದು, ಬೆಳಗ್ಗೆ ತೂಕಡಿಕೆ, ಇಷ್ಟೇ. ಉರಿ ಹಾಗೇ ಇತ್ತು. ಆಗ ನಾನು ಮಾತ್ರೆಯ ಹೆಸರನ್ನು ಗೂಗಲ್ ಮಾಡಿದೆ. ಮೊದಲ ಸಾಲಲ್ಲೇ ಇತ್ತು: ಖಿನ್ನತೆಗೆ ಕೊಡುವ ಔಷಧಿ. ಅದನ್ನ ಮನೆಯವರೆಲ್ಲರ ಮುಂದೆ ಜೋರಾಗಿ ಓದಿದೆ, ಏನೋ ಕಂಡುಹಿಡಿದವನ ಹಾಗೆ.

ಅಜ್ಜಿ ನನ್ನ ಮುಖ ನೋಡಿ ಅಂದರು, "ನಂಗೇನು ತಲೆ ಕೆಟ್ಟೈತಾ? ಉರೀತಿರೋದು ಪಕ್ಕೆ ಕಣೋ."

ಮಾತ್ರೆ ಗೋಡೆಗೂಡು ಸೇರಿತು.

ಆಮೇಲೆ ಅನುಮಾನ ಬಂದು ಓದುತ್ತಾ ಹೋದಾಗ ಗೊತ್ತಾಗಿದ್ದನ್ನ ಇಲ್ಲಿ ಬರೀತಿದೀನಿ. ನಾನು ಮೆಡಿಕಲ್ ಸ್ಟೂಡೆಂಟ್ ಅಲ್ಲ, ಇಸಿಇ ನಾಲ್ಕನೇ ಸೆಮ್ ಈಗಷ್ಟೇ ಮುಗಿಸಿದವನು. ಹತ್ತನೇ ಕ್ಲಾಸ್‌ವರೆಗೂ ವಿಜ್ಞಾನವನ್ನ ಇಂಗ್ಲಿಷ್‌ನಲ್ಲೇ ಓದಿದ್ದು, ಹಾಗಾಗಿ ಕೆಲವು ಕಡೆ ಪದಕ್ಕೆ ತಡಕಾಡಿದ್ದರೆ ಕ್ಷಮಿಸಿ.

ನಮ್ಮಲ್ಲಿ ಹೆಚ್ಚಿನವರ ತಲೆಯಲ್ಲಿ ನೋವು ಅಂದ್ರೆ ಒಂದು ಸೆನ್ಸರ್, ಒಂದು ವೈರ್, ಒಂದು ಬೆಲ್. ಹದಿನೇಳನೇ ಶತಮಾನದಲ್ಲಿ ಡೆಕಾರ್ಟ್ ಇದೇ ಚಿತ್ರ ಕೊಟ್ಟಿದ್ದ. ಬೆಂಕಿಗೆ ಕಾಲು ತಾಗುತ್ತೆ, ಒಳಗಿನ ದಾರ ಎಳೆಯುತ್ತೆ, ಮೆದುಳಲ್ಲಿ ಗಂಟೆ ಹೊಡೆಯುತ್ತೆ. ಗಾಯ ಎಷ್ಟೋ ನೋವು ಅಷ್ಟೇ, ಗಾಯ ಇಲ್ಲದಿದ್ದರೆ ನೋವಿಲ್ಲ. ಮನೆಯಲ್ಲಿ ಅಜ್ಜಿಗೆ ಎಲ್ಲರೂ ಕೇಳಿದ ಪ್ರಶ್ನೆಯೂ ಇದೇ ಲೆಕ್ಕದ್ದು.

ಸೆನ್ಸರ್ ಇರೋದಂತೂ ನಿಜ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ಲ್ಯಾಬ್ ಮೆಣಸಿನಕಾಯಿಯ ಖಾರ, ಅಂದ್ರೆ ಕ್ಯಾಪ್ಸೈಸಿನ್, ಯಾವ ಪ್ರೋಟೀನಿಗೆ ಅಂಟುತ್ತೆ ಅಂತ ಕಂಡುಹಿಡಿಯಿತು. ಟಿಆರ್‌ಪಿವಿ1 ಅಂತ ಅದರ ಹೆಸರು. ತಮಾಷೆ ಏನಂದ್ರೆ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ತೆರೆದುಕೊಳ್ಳೋದು ಅದೇ ಬಾಗಿಲು. ಖಾರ ತಿಂದಾಗ ಬಾಯಿ 'ಉರೀತು' ಅಂತೀವಲ್ಲ, ನರದ ಮಟ್ಟಿಗೆ ಅದು ನಿಜಕ್ಕೂ ಉರಿಯೇ. (ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಮಾತ್ರ, ಈ ಪ್ರಯೋಗಕ್ಕೆ ಗುಂಟೂರೇ ಬೇಕು.) ಜೂಲಿಯಸ್‌ಗೆ 2021ರಲ್ಲಿ ಆರ್ಡೆಮ್ ಪಟಪೌಟಿಯನ್ ಜೊತೆ ನೊಬೆಲ್ ಬಂತು.

ಆದರೆ ಸೆನ್ಸರ್ ಕೊಟ್ಟ ಸಿಗ್ನಲ್ ನೇರವಾಗಿ ಮೆದುಳಿಗೆ ಹೋಗಲ್ಲ. ನಡುವೆ ಬೆನ್ನುಹುರಿಯಲ್ಲಿ ಒಂದು ಸ್ಟೇಜ್ ಇದೆ. ಅಜ್ಜಿಯ ಕಥೆ ಇರೋದು ಅಲ್ಲೇ.

1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಅನ್ನೋ ಇಬ್ಬರು 'ಗೇಟ್ ಕಂಟ್ರೋಲ್' ಸಿದ್ಧಾಂತ ಮುಂದಿಟ್ಟರು. ನೋವಿನ ಸಿಗ್ನಲ್ ತರುವ ತೆಳು ನರತಂತುಗಳು, ಮುಟ್ಟಿದ್ದನ್ನು ತಿಳಿಸುವ ದಪ್ಪ ನರತಂತುಗಳು, ಎರಡೂ ಬೆನ್ನುಹುರಿಯಲ್ಲಿ ಒಂದೇ ಕಡೆ ಬಂದು ಸೇರುತ್ತವೆ. ಮುಟ್ಟಿದ ಸಿಗ್ನಲ್ ಜಾಸ್ತಿಯಾದರೆ ನೋವಿನ ಗೇಟ್ ಸ್ವಲ್ಪ ಮುಚ್ಚುತ್ತೆ. ಮೊಣಕೈ ಬಾಗಿಲಿಗೆ ತಾಗಿದ ತಕ್ಷಣ ನಾವು ಉಜ್ಜಿಕೊಳ್ಳೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. ಅವರು ಬರೆದ ಸರ್ಕ್ಯೂಟಿನ ವಿವರಗಳೆಲ್ಲ ಸರಿಯಾಗಿರಲಿಲ್ಲ, ಆಮೇಲೆ ತಿದ್ದುಪಡಿ ಆಯ್ತು. ಆದರೆ ನಡುದಾರಿಯಲ್ಲೇ ಸಿಗ್ನಲ್ಲನ್ನ ಹೆಚ್ಚು ಕಡಿಮೆ ಮಾಡಬಹುದು ಅನ್ನೋ ಮಾತು ಉಳಿಯಿತು. ಫಿಸಿಯೋಥೆರಪಿಯಲ್ಲಿ ಚರ್ಮಕ್ಕೆ ಪ್ಯಾಡ್ ಅಂಟಿಸಿ ಸಣ್ಣ ಕರೆಂಟ್ ಕೊಡುವ ಟೆನ್ಸ್ ಯಂತ್ರ ಹುಟ್ಟಿದ್ದು ಇದೇ ಯೋಚನೆಯಿಂದ.

ಗೇಟನ್ನ ಮುಚ್ಚೋದು ಉಜ್ಜಾಟ ಒಂದೇ ಅಲ್ಲ. 1969ರಲ್ಲಿ ಡೇವಿಡ್ ರೆನಾಲ್ಡ್ಸ್ ಅನ್ನುವವರು ಇಲಿಗಳ ನಡುಮೆದುಳಿನ ಒಂದು ಜಾಗಕ್ಕೆ ಎಲೆಕ್ಟ್ರೋಡ್ ಇಟ್ಟು ಕರೆಂಟ್ ಕೊಟ್ಟು, ಅರಿವಳಿಕೆಯೇ ಇಲ್ಲದೆ ಹೊಟ್ಟೆಯ ಆಪರೇಷನ್ ಮಾಡಿದರು. (ಓದುವಾಗ ನನಗೆ ಇಲಿ ಬಗ್ಗೆ ಬೇಜಾರಾಯ್ತು, ಆದರೆ ಫಲಿತಾಂಶ ದೊಡ್ಡದು.) ಅಂದ್ರೆ ಮೆದುಳಿನಿಂದ ಬೆನ್ನುಹುರಿಗೆ ಇಳಿದು ಬರುವ ಫೀಡ್‌ಬ್ಯಾಕ್ ಲೈನ್ ಇದೆ. ಅದು 'ಸಾಕು, ಕಡಿಮೆ ಮಾಡು' ಅಂತ ಹೇಳಬಲ್ಲದು. ಆ ಲೈನ್ ಬೆನ್ನುಹುರಿಯಲ್ಲಿ ಬಳಸುವ ರಾಸಾಯನಿಕಗಳಲ್ಲಿ ಮುಖ್ಯವಾದವು ನಾರ್‌ಅಡ್ರಿನಲಿನ್ ಮತ್ತು ಸೆರೊಟೋನಿನ್.

ಈಗ ಅಜ್ಜಿಯ ಪಕ್ಕೆಗೆ ಬರೋಣ. ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಆಗುತ್ತಲ್ಲ, 'ಅಮ್ಮ ಬಂದಿದೆ' ಅಂತಾರಲ್ಲ, ಅದರ ವೈರಸ್ ವಾಸಿಯಾದ ಮೇಲೂ ದೇಹ ಬಿಟ್ಟು ಹೋಗಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ಸುಮ್ಮನೆ ಕೂತಿರುತ್ತೆ. ವಯಸ್ಸಾಗಿ ರೋಗನಿರೋಧಕ ಶಕ್ತಿ ತಗ್ಗಿದಾಗ ಎದ್ದು, ಒಂದು ನರದ ಉದ್ದಕ್ಕೂ ಚರ್ಮದವರೆಗೆ ಬರುತ್ತೆ. ಬಲಗಡೆಯ ನರ ದೇಹದ ಮಧ್ಯದ ಗೆರೆಯ ಹತ್ತಿರ ಮುಗಿದುಹೋಗುತ್ತೆ, ಎಡಕ್ಕೆ ದಾಟಲ್ಲ. ಸರ್ಪಸುತ್ತು ಸಾಮಾನ್ಯವಾಗಿ ಅರ್ಧ ಬೆಲ್ಟ್ ಆಗಿಯೇ ನಿಲ್ಲೋದು ಇದಕ್ಕೇ. ಕೆಮ್ಮಣ್ಣು ಸುತ್ತನ್ನ ತಡೆಯಿತು ಅಂತ ಊರಲ್ಲಿ ಈಗಲೂ ಹೇಳ್ತಾರೆ, ನಾನು ವಾದಕ್ಕೆ ಹೋಗಿಲ್ಲ.

ಬರುವ ದಾರಿಯಲ್ಲಿ ವೈರಸ್ ಆ ನರವನ್ನೇ ಹಾಳು ಮಾಡುತ್ತೆ. ಚರ್ಮ ವಾಸಿಯಾಗುತ್ತೆ, ನರ ಪೂರ್ತಿ ವಾಸಿಯಾಗಲ್ಲ. ಲ್ಯಾಬಲ್ಲಿ ಸೆನ್ಸರ್ ಸರಿ ಇದ್ದು ಕೇಬಲ್ ಒಳಗೆ ಮುರಿದಿದ್ದರೆ ಸ್ಕ್ರೀನ್ ಮೇಲೆ ಇಲ್ಲದ ರೀಡಿಂಗ್ ಕುಣಿಯುತ್ತಲ್ಲ, ಹಾಗೆ. ಕೆಟ್ಟ ನರ ಯಾರೂ ಮುಟ್ಟದಿದ್ದರೂ ತಾನಾಗಿ ಸಿಗ್ನಲ್ ಕಳಿಸ್ತಾ ಇರುತ್ತೆ. ಅದು ಅರ್ಧ ಕಥೆ. ಹೀಗೆ ದಿನಗಟ್ಟಲೆ ಸಿಗ್ನಲ್ ಬಂದರೆ ಬೆನ್ನುಹುರಿಯ ಸ್ಟೇಜ್ ತನ್ನ ಗೇನ್ ಏರಿಸಿಕೊಂಡುಬಿಡುತ್ತೆ. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಇದನ್ನ ಇಲಿಗಳಲ್ಲಿ ತೋರಿಸಿದರು: ಗಾಯದ ನಂತರ ಬದಲಾಗೋದು ಗಾಯದ ಜಾಗ ಮಾತ್ರ ಅಲ್ಲ, ಬೆನ್ನುಹುರಿಯೂ ಬದಲಾಗುತ್ತೆ. ಗೇನ್ ಏರಿದ ಆಂಪ್ಲಿಫೈಯರ್‌ಗೆ ರವಿಕೆ ತಾಗಿದರೂ ಸಾಕು, ಔಟ್‌ಪುಟ್ ಬೆಂಕಿ. ಡಾಕ್ಟರ್ ಹತ್ತಿ ಎಳೆ ಸವರಿ ನೋಡಿದ್ದು ಇದನ್ನೇ.

ಮತ್ತೆ ಆ ಮಾತ್ರೆ. ಅಮೆರಿಕದಲ್ಲಿ ಅಮಿಟ್ರಿಪ್ಟಿಲಿನ್‌ಗೆ 1961ರಲ್ಲಿ ಅನುಮತಿ ಸಿಕ್ಕಿದ್ದು ಖಿನ್ನತೆಗೇ, ಗೂಗಲ್ ಸುಳ್ಳು ಹೇಳಲಿಲ್ಲ. ಆದರೆ ಅದು ಮಾಡೋ ಕೆಲಸ ಏನು? ನಾರ್‌ಅಡ್ರಿನಲಿನ್ ಮತ್ತು ಸೆರೊಟೋನಿನ್ ಬೇಗ ಖಾಲಿಯಾಗದ ಹಾಗೆ ನೋಡಿಕೊಳ್ಳೋದು. ಅಂದ್ರೆ ಮೆದುಳಿನಿಂದ ಇಳಿದು ಬರುವ ಆ 'ಕಡಿಮೆ ಮಾಡು' ಲೈನ್‌ಗೆ ಬಲ ಕೊಡೋದು. ಜೊತೆಗೆ ನರಗಳ ಸೋಡಿಯಂ ಚಾನೆಲ್‌ಗಳನ್ನೂ ಸ್ವಲ್ಪ ತಡೆಯುತ್ತೆ. 1982ರಲ್ಲಿ ಕೆನಡಾದಲ್ಲಿ ಸರ್ಪಸುತ್ತಿನ ನಂತರದ ನೋವಿದ್ದ 24 ಜನರ ಮೇಲೆ ಇದನ್ನ ಬರೀ ಹುಸಿಮಾತ್ರೆಯ ಜೊತೆ ಹೋಲಿಸಿ ನೋಡಿದರು. 16 ಜನರಿಗೆ ಚೆನ್ನಾಗಿ ಗುಣ ಕಂಡಿತು. ಅವರಲ್ಲಿ ಹೆಚ್ಚಿನವರ ಖಿನ್ನತೆಯ ಅಂಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಇರಲಿಲ್ಲ! ನೋವಿಗೆ ಕೊಡುವ ಡೋಸ್ ಕೂಡ ಬೇರೆ, ಸಾಮಾನ್ಯವಾಗಿ 10 ಅಥವಾ 25 ಮಿಲಿಗ್ರಾಂನಿಂದ ಶುರು. ಖಿನ್ನತೆಗೆ ಅದರ ಎಷ್ಟೋ ಪಟ್ಟು ಬೇಕು. ಪ್ಯಾರಾಸಿಟಮಾಲ್ ಹಾಗೆ ನುಂಗಿದ ಗಂಟೆಗೆ ಕೆಲಸ ಮಾಡಲ್ಲ, ವಾರಗಳು ಹಿಡಿಯುತ್ತೆ. ಅಜ್ಜಿಗೆ ಗುಣ ಕಾಣೋ ಹೊತ್ತಿಗೆ ನಾನು ನಿಲ್ಲಿಸಿಬಿಟ್ಟಿದ್ದೆ.

ಹೊಸ ಔಷಧಿ ಏನೂ ಇಲ್ವಾ ಅಂತ ನೀವು ಕೇಳಬಹುದು. ನಾನೂ ಹುಡುಕಿದೆ. 2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳ ಬಗ್ಗೆ ಒಂದು ವರದಿ ಬಂತು. ಅಲ್ಲಿನ ಒಬ್ಬ ಹುಡುಗ ಬೀದಿಯಲ್ಲಿ ಕೈಗೆ ಚಾಕು ಚುಚ್ಚಿಕೊಂಡು, ಕೆಂಡದ ಮೇಲೆ ನಡೆದು ದುಡ್ಡು ಸಂಪಾದಿಸ್ತಿದ್ದ. ಅವನಿಗೆ ನೋವೇ ಆಗ್ತಿರಲಿಲ್ಲ. ಹದಿನಾಲ್ಕು ತುಂಬೋ ಮೊದಲೇ ಮನೆಯ ಚಾವಣಿಯಿಂದ ಜಿಗಿದು ಸತ್ತ. ನೋವು ಇಲ್ಲದಿರೋದು ವರ ಅಂದುಕೊಂಡಿದ್ದ ನಾನು ಅಲ್ಲಿ ಸ್ವಲ್ಪ ಹೊತ್ತು ಓದೋದನ್ನ ನಿಲ್ಲಿಸಿದೆ. ಅವನ ಸಂಬಂಧಿಕರಲ್ಲೂ ಇದೇ ತೊಂದರೆ ಇತ್ತು. ಪರೀಕ್ಷೆ ಮಾಡಿದಾಗ ಅವರಲ್ಲಿ ಕೆಲಸ ಮಾಡದೆ ಹೋಗಿದ್ದು ಒಂದೇ ಒಂದು ಸೋಡಿಯಂ ಚಾನೆಲ್, ನ್ಯಾವ್ 1.7.

ನರದಲ್ಲಿ ಸಿಗ್ನಲ್ ಓಡೋದೇ ಸೋಡಿಯಂ ಅಯಾನುಗಳು ಒಳಗೆ ನುಗ್ಗೋದರಿಂದ. ಹಲ್ಲಿನ ಡಾಕ್ಟರ್ ಕೊಡುವ ಇಂಜೆಕ್ಷನ್ ಎಲ್ಲ ಥರದ ಸೋಡಿಯಂ ಚಾನೆಲ್‌ಗಳನ್ನೂ ಮುಚ್ಚುತ್ತೆ, ಅದಕ್ಕೇ ತುಟಿಯೆಲ್ಲ ಮರಗಟ್ಟೋದು. ಮೈಯೆಲ್ಲ ಹಾಗೆ ಮಾಡಿದರೆ ಹೃದಯವೂ ನಿಲ್ಲುತ್ತೆ. ನೋವಿನ ನರದಲ್ಲಿರೋ ಚಾನೆಲ್ ಮಾತ್ರ ಮುಚ್ಚಿದರೆ? ಎಷ್ಟೋ ಕಂಪನಿಗಳು 1.7ರ ಹಿಂದೆ ಬಿದ್ದು ಸೋತವು. ಗೆದ್ದಿದ್ದು ಅದರ ತಮ್ಮನಂಥ ನ್ಯಾವ್ 1.8. ಅದನ್ನ ತಡೆಯುವ ಸುಝೆಟ್ರಿಜಿನ್ ಅನ್ನೋ ಮಾತ್ರೆಗೆ ಅಮೆರಿಕದ ಎಫ್‌ಡಿಎ 2025ರ ಜನವರಿ 30ರಂದು ಅನುಮತಿ ಕೊಟ್ಟಿತು. ಮಾರ್ಫಿನ್ ಜಾತಿಯ ಔಷಧಿಗಳು ಮೆದುಳಿನಲ್ಲೇ ಕೆಲಸ ಮಾಡ್ತವೆ, ಚಟ ಹಿಡಿಸುತ್ತವೆ. ಆ ಚಟ ಅಮೆರಿಕದಲ್ಲಿ ಎಷ್ಟು ಜನರನ್ನ ಕೊಂದಿದೆ ಅಂತ ನ್ಯೂಸಲ್ಲಿ ನೋಡಿರ್ತೀರಿ. 1.8 ಇರೋದು ಮುಖ್ಯವಾಗಿ ಮೆದುಳಿನ ಹೊರಗಿನ ನರಗಳಲ್ಲಿ, ಹಾಗಾಗಿ ಆ ಭಯ ಇಲ್ಲ ಅನ್ನೋದು ಇದರ ದೊಡ್ಡ ಆಕರ್ಷಣೆ.

ಆದರೆ ಸುದ್ದಿ ಓದಿ ಕುಣಿಯೋ ಮೊದಲು ಟ್ರಯಲ್ ಓದಬೇಕು (ಮಾರ್ಚ್‌ನಲ್ಲಿ ಕಲಿತ ಪಾಠ). ಕಾಲಿನ ಹೆಬ್ಬೆರಳಿನ ಮೂಳೆ ಮತ್ತು ಹೊಟ್ಟೆಯ ಬೊಜ್ಜಿನ ಆಪರೇಷನ್ ಆದವರ ಮೇಲೆ, ಒಂದೊಂದರಲ್ಲೂ ಸಾವಿರಕ್ಕಿಂತ ಹೆಚ್ಚು ಜನರನ್ನಿಟ್ಟು ಪರೀಕ್ಷೆ ಮಾಡಿದ್ದಾರೆ. ಹುಸಿಮಾತ್ರೆಗಿಂತ ಚೆನ್ನಾಗಿತ್ತು. ಈಗಾಗಲೇ ಇರುವ ಓಪಿಯಾಯ್ಡ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆಗಿಂತ ಚೆನ್ನಾಗಿರಲಿಲ್ಲ. ಅನುಮತಿ ಇರೋದು ಆಪರೇಷನ್ ನಂತರದ ಥರದ ತಾತ್ಕಾಲಿಕ ನೋವಿಗೆ. ನರ ಒತ್ತಿ ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ಕೊಟ್ಟು ನೋಡಿದಾಗ ಹತ್ತರ ಅಳತೆಯಲ್ಲಿ ನೋವು ಸುಮಾರು 2 ಅಂಕ ಇಳಿಯಿತು. ಹುಸಿಮಾತ್ರೆ ತಗೊಂಡವರಲ್ಲೂ ಸುಮಾರು 2 ಅಂಕವೇ ಇಳಿಯಿತು! ಅಜ್ಜಿಯಂಥವರಿಗೆ ಸದ್ಯಕ್ಕೆ ಹಳೇ ಮಾತ್ರೆಗಳೇ ಗತಿ: ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್. ಅವೂ ಎಲ್ಲರಿಗೂ ಕೆಲಸ ಮಾಡಲ್ಲ, ವಯಸ್ಸಾದವರಿಗೆ ತಲೆಸುತ್ತಿ ಬೀಳುವ ಅಪಾಯ ಬೇರೆ. 50 ದಾಟಿದವರಿಗೆ ಸರ್ಪಸುತ್ತೇ ಬರದ ಹಾಗೆ ತಡೆಯುವ ಎರಡು ಡೋಸಿನ ಲಸಿಕೆ 2023ರಿಂದ ಭಾರತದಲ್ಲಿ ಸಿಗ್ತಿದೆ. ದುಬಾರಿ. ಆದರೂ ಅಪ್ಪ ಅಮ್ಮನ ವಯಸ್ಸು ನೋಡಿ ಒಮ್ಮೆ ಡಾಕ್ಟರನ್ನ ಕೇಳಿ.

ನನಗೆ ಇನ್ನೊಂದು ವಿಷಯ ಕಾಡಿದ್ದು ಅಳತೆಯದು. ನಾವು ಏನನ್ನೇ ಆಗಲಿ ಮೀಟರ್ ಇಟ್ಟು ಅಳೀತೀವಿ. ನೋವಿಗೆ ಪ್ರೋಬ್ ಇಡೋ ಜಾಗವೇ ಇಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತೆ, ಬೆನ್ನುಹುರಿಯ ಗೇನ್ ಕಾಣಲ್ಲ. ಹಾಗಾದ್ರೆ ಆ ಡಾಕ್ಟರಿಗೆ ಹೇಗೆ ಗೊತ್ತಾಯ್ತು? ಅಜ್ಜಿಯ ಪದಗಳಿಂದ. ಗೇಟ್ ಸಿದ್ಧಾಂತದ ಅದೇ ಮೆಲ್ಜಾಕ್ 1975ರಲ್ಲಿ ನೋವನ್ನ ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನ 20 ಗುಂಪು ಮಾಡಿ ಒಂದು ಪ್ರಶ್ನಾವಳಿ ಮಾಡಿದ್ದರು. ಯಾವ ಪದ ಆರಿಸ್ತೀರಿ ಅನ್ನೋದರ ಮೇಲೆ ನೋವಿನ ಜಾತಿ ಗೊತ್ತಾಗುತ್ತೆ ಅನ್ನೋ ಲೆಕ್ಕ. ಈಗ ಡಾಕ್ಟರುಗಳು ಬಳಸುವ ಡಿಎನ್4 ಅನ್ನೋ ಹತ್ತು ಪ್ರಶ್ನೆಗಳ ಪಟ್ಟಿಯಲ್ಲೂ ಉರಿ ಇದೆಯಾ, ಕರೆಂಟ್ ಹೊಡೆದ ಹಾಗಾಗುತ್ತಾ, ಜುಮ್ಮೆನ್ನುತ್ತಾ, ಮರಗಟ್ಟಿದೆಯಾ ಅಂತಲೇ ಕೇಳ್ತಾರೆ. ನಾಲ್ಕು ಅಥವಾ ಹೆಚ್ಚು ಹೌದು ಬಂದರೆ ನರದ ನೋವು ಇರಬಹುದು.

ಅಜ್ಜಿ ಮೂರು ತಿಂಗಳಿಂದ ನಮಗೆ ಇದನ್ನೇ ಹೇಳ್ತಿದ್ದರು. 'ಉರೀತೈತೆ', 'ಕರೆಂಟು ಹೊಡ್ದಂಗೆ ಚಳಕ್ ಅಂತೈತೆ', 'ಜುಮುಜುಮು'. ಒಂದು ಸಲವೂ ಬರೀ 'ನೋವು' ಅಂದಿರಲಿಲ್ಲ. ಡಾಕ್ಟರ್ ಹತ್ತಿರ ಕರ್ಕೊಂಡು ಹೋದಾಗಲೆಲ್ಲ ಮಾತಾಡಿದ್ದು ನಾವು: "ಪಕ್ಕೆಯಲ್ಲಿ ಪೇನ್ ಇದೆ ಸಾರ್." ತುಮಕೂರಿನ ಡಾಕ್ಟರ್ ಮಾತ್ರ ಚಿಕ್ಕಪ್ಪನನ್ನ ಸುಮ್ಮನಿರಿಸಿ ಅಜ್ಜಿಯನ್ನೇ ಕೇಳಿದ್ದರು.

ಮಾತ್ರೆ ಮತ್ತೆ ಶುರುವಾಯ್ತು, ಈ ಸಲ ಡಾಕ್ಟರಿಗೆ ಫೋನ್ ಮಾಡಿ, ಬೈಸಿಕೊಂಡು. ಮೊದಲ ಎರಡು ವಾರ ಏನೂ ಇಲ್ಲ. ಮೊನ್ನೆ ಗೌರಿ ಹಬ್ಬಕ್ಕೆ ಹೋದಾಗ, ಓದಿದ ಜಂಬದಲ್ಲಿ, ಸೊನ್ನೆಯಿಂದ ಹತ್ತರೊಳಗೆ ನೋವು ಈಗ ಎಷ್ಟು ಅಂತ ಅಜ್ಜಿಯನ್ನ ಕೇಳಿದೆ.

"ಅದೆಲ್ಲ ನಂಗೇನ್ ಗೊತ್ತಪ್ಪ," ಅಂದರು. "ರಾತ್ರಿ ಬಲಮಗ್ಗುಲಿಗೆ ಮಲಗಿದ್ದೆ ನೋಡು."