ವೈದ್ಯವಿದ್ಯೆಯ ತಳಹದಿ

ಎಂ.ಬಿ.ಬಿ.ಎಸ್. ಪದವಿಯನ್ನು ಪಡೆದವರು ಎಂ.ಡಿ., ಎಂ.ಎಸ್. ತರಗತಿಗಳನ್ನು ಸೇರಲು ಎದುರಿಸಬೇಕಾದ ನೀಟ್-ಪಿಜಿ ಪರೀಕ್ಷೆಯ ಕುರಿತು ನಮ್ಮಲ್ಲಿ ಚರ್ಚೆಗೇನೂ ಕೊರತೆಯಿಲ್ಲ. 2024ರಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಮುಂದೂಡಿದಾಗಲೂ, 2025ರಲ್ಲಿ ಅದು ಒಂದೇ ಪಾಳಿಯಲ್ಲಿ ನಡೆಯತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿದಾಗಲೂ ಎಲ್ಲೆಡೆ ಅದರದೇ ಮಾತು ನಡೆಯಿತು. ಆದರೆ ಆ ಪರೀಕ್ಷೆಗಾಗಿ ನಮ್ಮ ತರುಣರು ಏನನ್ನು ಓದುವರು, ಹೇಗೆ ಓದುವರು ಎಂಬುದನ್ನು ವಿಚಾರಿಸುವವರು ವಿರಳ. ನಾಳೆ ನಮ್ಮ ನಾಡಿಯನ್ನು ಹಿಡಿಯುವ ಕೈಗಳು ಅವರವೇ ಆಗಿರುವುದರಿಂದ, ಇದು ವಿದ್ಯಾರ್ಥಿಗಳ ಪಾಡೆಂದು ಉಳಿದವರು ಸುಮ್ಮನಿರಲಾಗದು.

ವೈದ್ಯವಿದ್ಯಾರ್ಥಿಯು ಮೊದಲ ವರ್ಷದಲ್ಲಿ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಎಂಬ ಮೂರು ಶಾಸ್ತ್ರಗಳನ್ನೂ, ಅನಂತರ ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರಗಳನ್ನೂ ಕಲಿಯುವನು. ಇವೇ ಮೂಲಶಾಸ್ತ್ರಗಳು. ಪರೀಕ್ಷೆ ಮುಗಿದೊಡನೆ ಅವುಗಳ ಪುಸ್ತಕಗಳು ಅಟ್ಟವನ್ನು ಸೇರುವುವು. ನಾಲ್ಕೈದು ವರ್ಷಗಳ ಮೇಲೆ ಪ್ರವೇಶಪರೀಕ್ಷೆಯು ಎದುರಾದಾಗ ಅವನ್ನೇ ಮತ್ತೆ ತೆರೆಯಬೇಕಾಗುವುದು. ಆದರೆ ಆಗ ಶಾಸ್ತ್ರವು ಶಾಸ್ತ್ರವಾಗಿ ಉಳಿದಿರುವುದಿಲ್ಲ. ಚೂರುಚೂರಾದ ಸಂಗತಿಗಳ ಪಟ್ಟಿಯಾಗಿ, ಬಾಯಿಪಾಠದ ಸರಕಾಗಿ ಬಂದಿರುವುದು.

ಈ ಕ್ರಮದಿಂದ ಆಗುವ ಹಾನಿಯನ್ನು ಒಂದು ನಿದರ್ಶನದಿಂದ ತೋರಿಸಬಹುದು. ಮಧುಮೇಹವು ವಿಕೋಪಕ್ಕೆ ಹೋಗಿ, ರಕ್ತವು ಆಮ್ಲಮಯವಾಗಿ, ಪ್ರಜ್ಞೆ ತಪ್ಪುತ್ತಿರುವ ರೋಗಿಯೊಬ್ಬನು ಆಸ್ಪತ್ರೆಗೆ ಬರುವನು. ಇದಕ್ಕೆ ಇನ್ಸುಲಿನ್ ಮದ್ದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅವನ ಶರೀರದ ಪೊಟ್ಯಾಸಿಯಂ ಮೂತ್ರದಲ್ಲಿ ಹರಿದುಹೋಗಿರುವುದು. ಉಳಿದುದು ಜೀವಕೋಶಗಳಿಂದ ಹೊರಬಿದ್ದಿರುವುದರಿಂದ ರಕ್ತದಲ್ಲಿ ಮಾತ್ರ ಸಾಕಷ್ಟಿರುವಂತೆ ತೋರಬಹುದು. ಇನ್ಸುಲಿನ್ ಅದನ್ನು ಮತ್ತೆ ಕೋಶಗಳೊಳಕ್ಕೆ ಸೆಳೆಯುವುದು. ಅಳತೆಯನ್ನು ನೋಡದೆ ಮದ್ದನ್ನು ಕೊಟ್ಟರೆ ರಕ್ತದ ಪೊಟ್ಯಾಸಿಯಂ ಕುಸಿದು, ಹೃದಯದ ಗತಿ ಕೆಟ್ಟು, ಬದುಕಬೇಕಾದವನು ಸಾಯಬಹುದು. ಕಾರಣವನ್ನು ಅರಿತವನು ಎಚ್ಚರಿಕೆಯನ್ನು ಮರೆಯಲಾರನು. ಎಚ್ಚರಿಕೆಯನ್ನು ಮಾತ್ರ ಉರುಹೊಡೆದವನು ನಡುರಾತ್ರಿಯ ಗಡಿಬಿಡಿಯಲ್ಲಿ ಅದನ್ನು ಮರೆತಾನು.

ಮೂಲಶಾಸ್ತ್ರವು ಕೈಗೆ ಬಾರದ ಪಾಂಡಿತ್ಯವೆಂಬವರು ಕಾಲರಾ ರೋಗದ ಇತಿಹಾಸವನ್ನು ನೋಡಲಿ. 1959ರಲ್ಲಿ ಕಲಕತ್ತೆಯ ರೋಗಶಾಸ್ತ್ರಜ್ಞ ಶಂಭುನಾಥ ದೇ ಅವರು, ರೋಗಾಣುಗಳನ್ನು ಸೋಸಿ ತೆಗೆದ ದ್ರವವನ್ನು ಮೊಲದ ಕರುಳಿಗೆ ಸೇರಿಸಿ, ನೀರನ್ನು ಹೊರಹರಿಸುವುದು ರೋಗಾಣುವು ಸೂಸುವ ವಿಷವೆಂದು ತೋರಿಸಿದರು. ಸಕ್ಕರೆಯು ಕರುಳಿನ ಗೋಡೆಯ ಮೂಲಕ ಹೋಗುವಾಗ ಉಪ್ಪನ್ನೂ ಜತೆಗೆ ಒಯ್ಯುವುದೆಂಬುದನ್ನು ಶರೀರಕ್ರಿಯಾಶಾಸ್ತ್ರಜ್ಞರು ಆ ಕಾಲದಲ್ಲಿಯೇ ಕಂಡರು. ಈ ಮಾರ್ಗವು ಕಾಲರಾದಲ್ಲಿಯೂ ಕೆಡದೆ ಉಳಿಯುವುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಸಿರೆಗೆ ಕೊಡುವ ದ್ರವವು ಮುಗಿದುಹೋದಾಗ ಡಾ. ದಿಲೀಪ ಮಹಲನಬೀಸರು ಉಪ್ಪು ಸಕ್ಕರೆಗಳ ನೀರನ್ನು ಬಾಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಮರಣವು 4ಕ್ಕಿಂತ ಕೆಳಗಿಳಿಯಿತು. ಇಂದು ಹಳ್ಳಿಯ ಅಂಗಡಿಯಲ್ಲಿಯೂ ದೊರೆಯುವ ಓ.ಆರ್.ಎಸ್. ಪೊಟ್ಟಣದ ಹಿಂದೆ ಇರುವುದು ಈ ಅರಿವೇ.

ಪರೀಕ್ಷೆಯ ದೃಷ್ಟಿಯಿಂದಲೂ ಇದೇ ಲಾಭದ ದಾರಿ. 200 ಪ್ರಶ್ನೆಗಳು, ಮೂರೂವರೆ ಗಂಟೆಗಳ ಕಾಲ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕದ ಕಡಿತ. ನಾಲ್ಕು ಉತ್ತರಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸುವವನಿಗೆ ಸರಾಸರಿಯಲ್ಲಿ ಬರುವುದು ಪ್ರಶ್ನೆಗೆ ಕಾಲು ಅಂಕ. ಎರಡನ್ನು ಸಕಾರಣವಾಗಿ ತಳ್ಳಿಹಾಕಬಲ್ಲವನಿಗೆ ಒಂದೂವರೆ ಅಂಕ. ಹಾಗೆ ತಳ್ಳಿಹಾಕುವ ಬಲವನ್ನು ಮೂಲಶಾಸ್ತ್ರವಲ್ಲದೆ ಬೇರಾವುದು ಕೊಡಬಲ್ಲುದು? ಆದುದರಿಂದ ಅಭ್ಯರ್ಥಿಗಳು ಒಂದೊಂದು ಅವಯವವನ್ನು ಹಿಡಿದು ಅದರ ರಚನೆ, ಕ್ರಿಯೆ, ವಿಕಾರ, ಔಷಧ ಎಂಬ ಕ್ರಮದಲ್ಲಿ ಓದುವುದು ಮೇಲು. ಹತ್ತು ಪುಸ್ತಕಗಳನ್ನು ಒಮ್ಮೆ ತಿರುವುವುದಕ್ಕಿಂತ ಒಂದನ್ನು ಮೂರು ಸಲ ಮನನ ಮಾಡುವುದು ಲೇಸು. ಹಳೆಯ ಪ್ರಶ್ನೆಗಳನ್ನು ಬಿಡಿಸಿದ ಮೇಲೆ ಸರಿಯುತ್ತರವು ಏಕೆ ಸರಿ, ಉಳಿದ ಮೂರು ಏಕೆ ತಪ್ಪು ಎಂಬುದನ್ನು ತನ್ನ ಮಾತಿನಲ್ಲಿ ಬರೆದು ನೋಡಬೇಕು. ಬಾಯಿಪಾಠವು ಸರ್ವಥಾ ಬೇಡವೆಂದು ನಾವು ಹೇಳುವುದಿಲ್ಲ. ನರಗಳ ಹೆಸರನ್ನೂ ಔಷಧದ ಪ್ರಮಾಣವನ್ನೂ ನೆನಪಿನಲ್ಲಿಡಲೇಬೇಕು. ಆದರೆ ಕಾರಣದ ದಾರದಲ್ಲಿ ಪೋಣಿಸದ ಮಣಿಗಳು ಚೆದರಿಹೋಗುವುವು.

ದೋಷವೆಲ್ಲ ವಿದ್ಯಾರ್ಥಿಗಳದೇ ಎನ್ನುವುದು ಅನ್ಯಾಯ. ಮೂಲಶಾಸ್ತ್ರಗಳ ಎಂ.ಡಿ. ಸ್ಥಾನಗಳು ವರ್ಷವರ್ಷವೂ ಬಹುಮಟ್ಟಿಗೆ ತೆರವಾಗಿ ಉಳಿಯುತ್ತಿವೆ. 2023ರಲ್ಲಿ ಸ್ನಾತಕೋತ್ತರ ಸ್ಥಾನಗಳನ್ನು ತುಂಬಲು ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೇ ಇಳಿಸಬೇಕಾಯಿತು. ಅರ್ಹತೆಯನ್ನು ಇಳಿಸುವುದು ಸುಲಭ. ಆ ಶಾಸ್ತ್ರಗಳ ಅಧ್ಯಾಪಕನಿಗೆ ಚಿಕಿತ್ಸಕನಿಗೆ ಸಮಾನವಾದ ಮಾನವನ್ನೂ ಯೋಗ್ಯವಾದ ವೇತನವನ್ನೂ ಸಂಶೋಧನೆಗೆ ಅವಕಾಶವನ್ನೂ ಕಲ್ಪಿಸುವುದು ಕಷ್ಟ. ಆದರೆ ಆ ಕಷ್ಟವನ್ನು ಅಧಿಕಾರಿಗಳು ವಹಿಸದಿದ್ದರೆ ನಾಳಿನ ವೈದ್ಯರಿಗೆ ಕಲಿಸುವವರೇ ಇಲ್ಲವಾದಾರು. ಪ್ರಶ್ನೆಪತ್ರಿಕೆಯಲ್ಲಿ ಆದ ತಪ್ಪಿಗೆ ಕಡಿತವಾಗುವುದು ಒಂದು ಅಂಕ. ರೋಗಿಯ ಹಾಸಿಗೆಯ ಬಳಿ ಆದ ತಪ್ಪಿಗೆ ದಂಡ ತೆರುವವನು ವೈದ್ಯನಲ್ಲ, ರೋಗಿ.