ಹುರುಪೆಗೊಂದು ಬಗೆ, ಲೋಳೆಗೊಂದು ಬಗೆ

ಕೃತಕ ರಾಳದ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ಹರಡಿ, ವರ್ಣದ ಪುಡಿ ಬೆರೆಸಿ ತಯಾರಿಸುವ ಅಕ್ರಿಲಿಕ್ ಬಣ್ಣವು ಒಣಗಿದ ಮೇಲೆ ಮತ್ತೆ ನೀರಿನಲ್ಲಿ ಕರಗದಿರುವುದರಿಂದ, ಪದರದ ಮೇಲೆ ಪದರವಿರಿಸಿ ಸರೀಸೃಪಗಳ ಮತ್ತು ಉಭಯವಾಸಿಗಳ ಚರ್ಮವನ್ನು ಚಿತ್ರಿಸಲು ಅತ್ಯಂತ ಯೋಗ್ಯವಾದ ಮಾಧ್ಯಮವಾಗಿದೆ.

ರಂಗನತಿಟ್ಟಿನ ಬಂಡೆಗಳ ಮೇಲೆ ಬಿಸಿಲಿಗೆ ಮೈಯೊಡ್ಡುವ ಮೊಸಳೆಯ ಬೆನ್ನಿನ ಒರಟುತನಕ್ಕೆ ಚರ್ಮದೊಳಗೆ ಹುದುಗಿರುವ ಮೂಳೆಯ ಬಿಲ್ಲೆಗಳು ಕಾರಣವಾದುದರಿಂದ, ಕಲಾವಿದರು ಅಮೃತಶಿಲೆಯ ಪುಡಿ ಬೆರೆತ ಮಾಡೆಲಿಂಗ್ ಪೇಸ್ಟನ್ನು ಚಪ್ಪಟೆ ಅಲಗಿನಿಂದ ಕ್ಯಾನ್ವಾಸಿಗೆ ಮೆತ್ತಿ, ಸಾಲುಸಾಲಾಗಿ ಏಣುಗಳನ್ನೆಬ್ಬಿಸಿ, ಅದು ಪೂರ್ತಿ ಒಣಗಿದ ಬಳಿಕ ತೆಳುವಾದ ಕಂದುಬಣ್ಣವನ್ನು ಸಂದುಗಳಿಗೆ ಇಳಿಸಿ, ಕೊನೆಗೆ ಬಹುತೇಕ ಒಣಗಿದ ಕುಂಚದಿಂದ ಏಣುಗಳ ತುದಿಯನ್ನಷ್ಟೇ ಸವರುತ್ತಾರೆ. ಪೇಸ್ಟನ್ನು ಒಮ್ಮೆಲೇ ದಪ್ಪವಾಗಿ ಬಳಿದರೆ ಬಿರುಕು ಬಿಡುವ ಸಂಭವವಿದೆ.

ಇದೇ ಉಬ್ಬುಗಳನ್ನು ಕಪ್ಪೆಗೂ ತೊಡಿಸುವುದು ಆ ಜೀವಿಗೆ ಮಾಡುವ ಅನ್ಯಾಯವೇ ಸರಿ. ನೆಲಗಪ್ಪೆಯ ಗಂಟುಗಂಟಾದ ಮೈಗೆ ಮಾತ್ರ ಅವು ಒಪ್ಪುತ್ತವೆ. ಪಶ್ಚಿಮ ಘಟ್ಟಗಳ ಮಲಬಾರ್ ಹಾರುಕಪ್ಪೆಯಂತಹ ಮರಗಪ್ಪೆಗೆ ಹುರುಪೆಗಳಿಲ್ಲ, ಲೋಳೆಗ್ರಂಥಿಗಳು ಅದರ ಚರ್ಮವನ್ನು ತೇವವಾಗಿಡುತ್ತವೆ. ಅನೇಕ ಹಸಿರು ಕಪ್ಪೆಗಳಲ್ಲಿ ನೀಲಿ ಬೆಳಕನ್ನು ಪ್ರತಿಫಲಿಸುವ ಕೋಶಗಳ ಮೇಲೆ ಹಳದಿ ವರ್ಣದ ಕೋಶಗಳಿದ್ದು, ಎರಡೂ ಸೇರಿ ಹಸಿರು ಕಾಣುತ್ತದೆಯಾದ್ದರಿಂದ, ಕಲಾವಿದರೂ ತಿಳಿನೀಲಿಯ ಮೇಲೆ ಗ್ಲೇಜ್, ಅಂದರೆ ಬೆಳಕು ಹಾಯುವ ತೆಳು ಪದರವಾಗಿ, ಹಳದಿಯನ್ನು ಹರಡಿದಾಗ ಟ್ಯೂಬಿನ ಸಿದ್ಧ ಹಸಿರಿಗಿಲ್ಲದ ಆಳ ದೊರೆಯುತ್ತದೆ. ತೇವದ ಹೊಳಪಿಗಾಗಿ ಮೇಲೆ ಪಾರದರ್ಶಕ ಗ್ಲಾಸ್ ಜೆಲ್ಲನ್ನು ಸವರುತ್ತಾರೆ. ಅದು ಹಸಿಯಿರುವಾಗ ಹಾಲಿನಂತೆ ಮಸುಕಾಗಿ ಕಂಡರೂ ಒಣಗಿದ ಮೇಲೆ ತಿಳಿಯಾಗುತ್ತದೆ.